ಅಸಿಬಿಯ ನೆಲುವು

ಕೋಳಿ ಕೂಗುವ ಮೊದಲು ಅತಂಪೋಕ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು. ಒಲೆಯ ಬೂದಿ ಕೆದಕಿ ಕೆಂಡ ಉಳಿದಿದೆಯೇ ನೋಡುವುದು. ಪಂಪಿನ ಮುಂದೆ ಸಾಲು ಬೆಳೆಯುವ ಮುನ್ನ ಮೂರು ಬೋಗುಣಿ ನೀರು ತಲೆಯ ಮೇಲೆ ಹೊತ್ತು ತರುವುದು. ಆಡುಗಳನ್ನು ಬಿಚ್ಚಿ ಹೊರಗೆ ಕಟ್ಟುವುದು. ನಾಯಿಯ ಬಾಯಿಗೆ ಬೀಳುವ ಮೊದಲು ಗಿನಿಕೋಳಿಯ ಮೊಟ್ಟೆಗಳನ್ನು ಹುಡುಕುವುದು. ಭಾವ, ತೀರಿಹೋದ ಗಂಡನ ಅಣ್ಣ ಅಬುಗ್ರೆಯ ಸ್ನಾನಕ್ಕೆ ನೀರು ಕಾಯಿಸುವುದು. ಎಪ್ಪತ್ತು ವರ್ಷದ ಅವನಿಗೆ ತಣ್ಣೀರು ಆಗುವುದಿಲ್ಲ, ನೀರು ಕಾಯಿಸುವುದೂ ಬರುವುದಿಲ್ಲ. ಅಂಗಳ ಗುಡಿಸುವುದು. ಕೊನೆಗೆ ಕಲ್ಲಿನ ಮುಂದೆ ಮಂಡಿಯೂರಿ ಹನ್ನೊಂದು ಜನರಿಗಾಗುವಷ್ಟು ಸಜ್ಜೆ ಅರೆಯುವುದು. ಪಕ್ಕದ ಕಲ್ಲಿನಲ್ಲಿ ಸೊಸೆ ವೀಡಾ ಅರೆಯುತ್ತಿರುತ್ತಾಳೆ. ಅಷ್ಟು ಹೊತ್ತಿನಲ್ಲಿ ಇಬ್ಬರಿಗೂ ಮಾತು ಬರುವುದಿಲ್ಲ, ಉಸಿರು ಮಾತ್ರ ಬರುತ್ತದೆ. ಬೆಳಕು ಹರಿದ ಮೇಲೆ ಗಂಡಸರು ಮೈಮುರಿಯುತ್ತ ಹೊರಗೆ ಬಂದು, "ಗಂಜಿ ಇನ್ನೂ ಆಗಿಲ್ವಾ?" ಎಂದು ಕೇಳುತ್ತಾರೆ. ಆ ಮನೆಯಲ್ಲಿ ದಿನ ಶುರುವಾಗುವುದು ಆ ಪ್ರಶ್ನೆಯಿಂದ ಎಂದು ಅವರು ತಿಳಿದಿದ್ದಾರೆ.

ವಾರಕ್ಕೊಮ್ಮೆ ಇನ್ನೊಂದು ಕೆಲಸವಿತ್ತು. ಹಿಂದಿನ ಕೋಣೆಯಲ್ಲಿ, ಕಿಟಕಿಯಿಲ್ಲದ ಕತ್ತಲಲ್ಲಿ, ತೊಲೆಯಿಂದ ಹಗ್ಗದಲ್ಲಿ ಹೆಣೆದ ಒಂದು ನೆಲುವು ಇಳಿಬಿದ್ದಿತ್ತು. ಅದರೊಳಗೆ ಒಂದರ ಮೇಲೊಂದು ಒಂಬತ್ತು ಸೋರೆಬುರುಡೆಗಳು. ಕೆಳಗೆ ದೊಡ್ಡದು, ಮೇಲೆ ಹೋದಂತೆ ಚಿಕ್ಕದು, ಎಲ್ಲಕ್ಕಿಂತ ಮೇಲೆ ಮುಚ್ಚಳವಿರುವ ಪುಟ್ಟದು. ಅತಂಪೋಕ ಮಡಕೆಯ ಚೂರಿನಲ್ಲಿ ಕೆಂಡ ಹಾಕಿ, ಬೇವಿನ ಸೊಪ್ಪು ಉದುರಿಸಿ, ಹುಳ ಹಿಡಿಯದಂತೆ ಅದಕ್ಕೆ ಹೊಗೆ ಕೊಡುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಹಗ್ಗಕ್ಕೂ ಬುರುಡೆಗಳಿಗೂ ಶಿಯಾ ಬೀಜದ ಬೆಣ್ಣೆ ಸವರುತ್ತಿದ್ದಳು. ಇಪ್ಪತ್ತು ವರ್ಷ ಮಾಡಿದಳು. ಅದಕ್ಕೂ ಹಿಂದೆ ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವಳ ಅತ್ತೆ ತಲಾತ ಮಾಡಿದ್ದಳು.

ನೆಲುವು ಅವರಿಬ್ಬರದೂ ಅಲ್ಲ, ಅಸಿಬಿಯದು.

ನಮ್ಮಲ್ಲಿ ಪ್ರತಿ ಹೆಂಗಸಿಗೂ ಒಂದು ನೆಲುವು ಇರುತ್ತದೆ. ಮದುವೆಯಾಗಿ ಬಂದ ವರ್ಷ ತವರಿನವರು ಹೆಣೆದು ಕೊಡುತ್ತಾರೆ. ಮುಚ್ಚಳದ ಪುಟ್ಟ ಬುರುಡೆಯಲ್ಲಿ ಅವಳ ಜೀವ ಇರುತ್ತದೆ; ಗಂಡ ಕೂಡ ಅದನ್ನು ಮುಟ್ಟುವ ಹಾಗಿಲ್ಲ. ಅವಳು ಸತ್ತಾಗ ಮನೆಯ ಯಜಮಾನ ಸಾವನ್ನು ಹೇಳಿ, ತವರಿಗೆ ಸುದ್ದಿ ಕಳಿಸಿ, ಜೋಳದ ಹೆಂಡ ಕಾಸಿಸಿ, ನೆಲುವು ಇಳಿಸುತ್ತಾನೆ. ತವರಿನ ಹೆಂಗಸರು ಅದನ್ನು ದಾರಿ ಕವಲೊಡೆಯುವಲ್ಲಿಗೆ ಒಯ್ದು ಹೆಸರು ಕೂಗಿ ಬುರುಡೆಗಳನ್ನು ಒಡೆಯುತ್ತಾರೆ. ಒಡೆದರೆ ಅವಳು ಹೊರಟಳು. ಒಡೆಯದಿದ್ದರೆ ಅವಳು ಎಲ್ಲಿಗೂ ಹೋಗಿಲ್ಲ; ಇದ್ದಲ್ಲೇ ಇದ್ದಾಳೆ, ನೀರಿಲ್ಲದೆ, ನೆರಳಿಲ್ಲದೆ. ಯಜಮಾನ ಸಾವು ಹೇಳದೆ ಯಾರಾದರೂ ನೆಲುವು ಒಡೆದರೆ ಆ ಮನೆಗೆ ಸಾವನ್ನು ಕೈಬೀಸಿ ಕರೆದ ಹಾಗೆ. ಆ ಕೆಲಸ ಮಾಡಿದವಳನ್ನು ಯಾರೂ ಮನೆಯಲ್ಲಿ ಇಟ್ಟುಕೊಂಡದ್ದಿಲ್ಲ.

ನಾನು ಪಕ್ಕದ ಮನೆಗೆ ಸೊಸೆಯಾಗಿ ಬಂದವಳು, ಊರ ಶಾಲೆಯಲ್ಲಿ ಪಾಠ ಹೇಳುವವಳು. ಅತಂಪೋಕಳನ್ನು ದೊಡ್ಡಮ್ಮ ಎಂದು ಕರೆಯುತ್ತೇನೆ. ಅಸಿಬಿಯ ಕಥೆಯನ್ನು ಅವಳಿಗೆ ಹೇಳಿದ್ದು ತಲಾತ, ನನಗೆ ಹೇಳಿದ್ದು ಅವಳು. ಇಬ್ಬರೂ ಕಡಲೆಕಾಯಿ ಸುಲಿಯುತ್ತ ಹೇಳಿದ್ದು. ನಮ್ಮ ಹೆಂಗಸರಿಗೆ ಕೈಗೆ ಬಿಡುವು ಇಟ್ಟುಕೊಂಡು ಕಥೆ ಹೇಳಿ ಗೊತ್ತಿಲ್ಲ.

ಬಿಳಿಯರ ಕಾಲ. ಕಮಿಷನರನಿಗೆ ಹೊಸ ಮೋಟಾರು ಬಂದಿತ್ತು, ಮೋಟಾರಿಗೆ ರಸ್ತೆ ಬೇಕಾಗಿತ್ತು. ಮನೆಗೆ ಇಷ್ಟು ಜನ ಎಂದು ಕೆಂಪು ಟೋಪಿಯ ಪೊಲೀಸಿನವನು ಹೇಳಿ ಹೋದ. ಅಬುಗ್ರೆಯ ಅಪ್ಪನ ಮನೆಗೆ ಬಂದ ಲೆಕ್ಕ ಎರಡು ತಲೆ. ಆತನಿಗೆ ಮೂವರು ಗಟ್ಟಿಮುಟ್ಟಾದ ತಮ್ಮಂದಿರಿದ್ದರು. ಆತ ಅವರನ್ನು ಕಣಜದ ಹಿಂದೆ ಅಡಗಿಸಿ ಇಬ್ಬರು ಕಿರಿಯ ಹೆಂಡತಿಯರನ್ನು ಕಳಿಸಿದ. ಒಬ್ಬಳು ತಲಾತ. ಇನ್ನೊಬ್ಬಳು ಅಸಿಬಿ, ಬಸುರಿ.

"ಕೊಡತಿ ನೀವೇ ತನ್ನಿ ಅಂದ್ರಂತೆ," ಎಂದು ದೊಡ್ಡಮ್ಮ ಹೇಳುತ್ತಿದ್ದಳು. "ಅಂಗಳದ ನೆಲ ಬಡಿಯೋ ಕೊಡತಿ. ನಮ್ಮ ಅಂಗಳ ಎಷ್ಟು ನುಣ್ಣಗಿದೆ ಅಂತ ಆ ಬಿಳಿಯ ನೋಡಿದ್ನಂತೆ. ಹಾಗಿದ್ರೆ ರಸ್ತೆನೂ ಇವರ ಕೈಲೇ ಬಡಿಸಿ ಅಂದ್ನಂತೆ. ನೋಡು, ನಾವು ಚೆನ್ನಾಗಿ ಮಾಡಿದ ಕೆಲಸಾನೇ ನಮ್ಮ ಕುತ್ತಿಗೆಗೆ ಬಂತು."

ಗಂಡಸರು ಜಲ್ಲಿ ಹೊತ್ತು ಸುರಿದರು. ಹೆಂಗಸರು ಸಾಲಾಗಿ ಬಗ್ಗಿ, ನೀರು ಚಿಮುಕಿಸುತ್ತ ಬಡಿಯುತ್ತ ಹಿಂದಕ್ಕೆ ಸರಿದರು. ಮೂರನೆಯ ದಿನ ಮಧ್ಯಾಹ್ನ, ತೊರೆಯ ಹತ್ತಿರ ರಸ್ತೆ ತಿರುಗುವ ಕಡೆ, ಅಸಿಬಿಗೆ ರಕ್ತ ಹೋಗಲು ಶುರುವಾಯಿತು. ಮೇಸ್ತ್ರಿ ಅವಳನ್ನು ಬದಿಗೆ ಎಳೆಸಿದ. ಬಿಸಿಲು ಇಳಿಯುವಷ್ಟರಲ್ಲಿ ಸತ್ತಳು. ಅಲ್ಲೇ ಬದಿಯ ಮಣ್ಣು ಅಗೆದು ಹಾಕಿದರು. ಮಾರನೆಯ ದಿನ ರಸ್ತೆ ಅಗಲ ಸಾಲದು ಎಂದು ಆ ಬದಿಯನ್ನೂ ಸೇರಿಸಿ ಬಡಿಸಿದರು. ಬಡಿದವರಲ್ಲಿ ತಲಾತಳೂ ಇದ್ದಳು.

ಅವಳು ಎರಡು ಕೊಡತಿ ಹಿಡಿದು ಒಬ್ಬಳೇ ಮನೆಗೆ ಬಂದಳು. ಗಂಡ ಕೇಳಿದ, ಅವಳು ಹೇಳಿದಳು. ಆತ, "ಅವಳು ಓಡಿಹೋದಳು," ಎಂದ. ಗಡಿಯಾಚೆ ಫ್ರೆಂಚರ ಸೀಮೆಗೆ, ಯಾವನೋ ಚರ್ಮದ ವ್ಯಾಪಾರಿಯ ಜೊತೆ. ಬಸುರಿಯನ್ನು ರಸ್ತೆಗೆ ಕಳಿಸಿದೆ, ತಮ್ಮಂದಿರನ್ನು ಅಡಗಿಸಿದೆ ಎಂದು ಅವಳ ತವರಿಗೆ ಹೇಳುವುದಕ್ಕಿಂತ ಇದು ಸುಲಭವಾಗಿತ್ತು. ಲಾಭವೂ ಇತ್ತು. ಹೆಂಡತಿ ಓಡಿಹೋದರೆ ಕನ್ಯಾಶುಲ್ಕದ ಹಸುಗಳನ್ನು ತವರು ಹಿಂದಿರುಗಿಸಬೇಕು. ಆತ ಹೋಗಿ ಮೂರು ಹಸು ಹೊಡೆದುಕೊಂಡು ಬಂದ. ಕಮಿಷನರನ ಪುಸ್ತಕದಲ್ಲೂ ಪರಾರಿ ಎಂದೇ ಬರೆದುಕೊಂಡರಂತೆ. ಬಿಳಿಯನೂ ಗಂಡನೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆಯೇ ಒಂದೇ ಸುಳ್ಳು ಹೇಳಿದರು. ಅಸಿಬಿಯ ತವರಿನಲ್ಲಿ ಆಮೇಲೆ ಯಾವ ಹುಡುಗಿಗೂ ಆ ಹೆಸರು ಇಟ್ಟಿಲ್ಲ.

ತಲಾತ ಮಾಡಬಹುದಾಗಿದ್ದು ಒಂದೇ. ಅಸಿಬಿಯ ನೆಲುವನ್ನು ಆಚೆ ಎಸೆಯಿರಿ ಎಂದು ಮನೆಯವರು ಹೇಳಿದಾಗ, "ಬುರುಡೆ ಚೆನ್ನಾಗಿವೆ, ನನಗಿರಲಿ," ಎಂದಳು. ಜಿಪುಣಿ ಎಂದು ನಕ್ಕರು. ನಗಲಿ ಎಂದು ಬಿಟ್ಟಳು.

ಸೈನಿಕರ ಆಡಳಿತ ಹೋಗಿ ಮತ್ತೆ ಓಟು ಶುರುವಾದ ವರ್ಷ ಮ್ಯೂಸಿಯಂನವರು ಬಂದರು. ದೂರದ ಪಟ್ಟಣದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಮ್ಯೂಸಿಯಂ. ಬಂದವಳು ಎಫ್ವಾ ಎಂಬ ದಕ್ಷಿಣದ ಹೆಂಗಸು. ಮೂವತ್ತರ ಒಳಗಿನವಳು, ಮೆಲುದನಿಯವಳು. ನಮ್ಮ ಭಾಷೆ ಬಾರದ್ದರಿಂದ ನನ್ನನ್ನು ಶಾಲೆಯಿಂದ ಕರೆಸಿದರು. ಅಬುಗ್ರೆ ತನ್ನ ನೀಲಿ ಪಟ್ಟೆಯ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದ. ಅವಳಿಗೆ ಹಳೆಯ ಬಿಲ್ಲು ತೋರಿಸಿದ, ಕುದುರೆ ಬಾಲದ ಚಾಮರ ತೋರಿಸಿದ. ಅವಳು ತಲೆಯಾಡಿಸಿ ಕೇಳಿದಳು, "ಹೆಂಗಸರ ವಸ್ತು ಏನಾದರೂ ಇದೆಯೇ?"

"ಹೆಂಗಸರದ್ದು ಏನಿರುತ್ತೆ?" ಎಂದ ಅಬುಗ್ರೆ. ಆಮೇಲೆ ನೆನಪಾಗಿ ಒಳಗೆ ಕರೆದುಕೊಂಡು ಹೋದ.

ನೆಲುವನ್ನು ಕಂಡು ಎಫ್ವಾ ಬಾಗಿಲಲ್ಲೇ ನಿಂತುಬಿಟ್ಟಳು. ಹಳೆಯ ನೆಲುವುಗಳನ್ನು ಹುಡುಕಿ ಮೂರು ಜಿಲ್ಲೆ ತಿರುಗಿದ್ದೇನೆ, ಒಂದೂ ಸಿಕ್ಕಿಲ್ಲ, ಎಲ್ಲವನ್ನೂ ಒಡೆದಿರುತ್ತಾರೆ ಎಂದಳು. ಅರವತ್ತು ವರ್ಷದ್ದು ಎಂದು ಅಬುಗ್ರೆ ಹೇಳಿದಾಗ, ಒಂಬತ್ತೂ ಬುರುಡೆ ಇರುವುದು ಹೀಗೆ ಉಳಿದದ್ದು ಹೇಗೆ ಎಂದು ಕೇಳಿದಳು.

ಅದನ್ನು ನಾನು ನಮ್ಮ ಭಾಷೆಯಲ್ಲಿ ಕೇಳಿದೆ. ಅಬುಗ್ರೆ ಗಂಟಲು ಸರಿಮಾಡಿಕೊಂಡ. "ನಮ್ಮ ಮನೆತನ ಹಳೇದನ್ನ ಕಾಪಾಡಿಕೊಂಡು ಬಂದಿದೆ ಅಂತ ಹೇಳು ಟೀಚರ್."

ಅತಂಪೋಕ ಬಾಗಿಲ ಹತ್ತಿರ ನೀರಿನ ಬುರುಡೆ ಹಿಡಿದು ನಿಂತಿದ್ದಳು. ಅತಿಥಿಗೆ ಕೊಡಲು ತಂದ ನೀರು. ಅವಳು ಅದನ್ನು ಕೆಳಗಿಟ್ಟಳು.

"ಕಾಪಾಡಿದ್ದು ಯಾರು ಭಾವ?"

"ನೀನೇ ಧೂಳು ಹೊಡೆದಿದ್ದೀಯ. ಇಲ್ಲ ಅಂದೆನಾ?" ಎಂದು ಆತ ಕೈ ಮೇಲೆತ್ತಿ ನೆಲುವಿನ ಕುಣಿಕೆ ಬಿಚ್ಚಿದ.

ಸಾವು ಹೇಳದೆ ಯಾವ ಗಂಡಸೂ ಮುಟ್ಟದ್ದನ್ನು ಆತ ಹುಲ್ಲುಕಟ್ಟಿನಂತೆ ಇಳಿಸಿ ನೆಲದ ಮೇಲಿಟ್ಟು, ಮೇಲಿನ ಪುಟ್ಟ ಬುರುಡೆಯ ಮುಚ್ಚಳ ತೆಗೆದ. ತಲಾತ ನಲವತ್ತು ವರ್ಷ ಸವರಿದಳು, ತೆಗೆಯಲಿಲ್ಲ. ಅತಂಪೋಕ ಇಪ್ಪತ್ತು ವರ್ಷ ಹೊಗೆ ಹಾಕಿದಳು, ತೆಗೆಯಲಿಲ್ಲ. ಒಳಗೆ ಒಣಗಿ ಕಲ್ಲಾದ ಶಿಯಾ ಬೆಣ್ಣೆಯ ಉಂಡೆ ಇತ್ತು, ಗೋಡೆ ನಯ ಮಾಡುವ ಬೆಣಚುಕಲ್ಲು ಇತ್ತು, ಒಂದು ನೂಲಿತ್ತು. ನೂಲಿನಲ್ಲಿ ಏಳು ಗಂಟು.

ಅತಂಪೋಕ ಎಣಿಸಿದ್ದು ನನಗೆ ಕಂಡಿತು. ತುಟಿ ಅಲುಗಾಡಿತು. ನಮ್ಮ ಹೆಂಗಸರು ಬಸುರಾದಾಗ ತಿಂಗಳಿಗೊಂದು ಗಂಟು ಹಾಕುತ್ತಾರೆ. ಒಂಬತ್ತನೆಯದನ್ನು ಹಾಕಿದ ಮೇಲೆ ಸೂಲಗಿತ್ತಿಗೆ ಹೇಳಿಕಳಿಸುತ್ತಾರೆ. ಏಳು ಗಂಟು ಹಾಕಿದವಳು ಚರ್ಮದ ವ್ಯಾಪಾರಿಯ ಹಿಂದೆ ಓಡುವುದಿಲ್ಲ. ಓಡಿದರೂ ಆ ನೂಲನ್ನು ಬಿಟ್ಟು ಓಡುವುದಿಲ್ಲ.

"ಇದು ಏನು?" ಎಂದಳು ಎಫ್ವಾ.

"ಏನೋ ಹೆಂಗಸರ ಮಾಟ," ಎಂದ ಅಬುಗ್ರೆ.

ನಾನು ನೂಲಿನ ಅರ್ಥ ಹೇಳಿದೆ. ಅಸಿಬಿ ರಸ್ತೆಯಲ್ಲಿ ಸತ್ತಳು ಎಂದೂ ಇಂಗ್ಲಿಷಿನಲ್ಲೇ ಹೇಳಿದೆ. ಎಫ್ವಾ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. ಕಲ್ಲು ಮನಸ್ಸಿನವಳಲ್ಲ, ಅವಳ ಕಣ್ಣು ತುಂಬಿತು. ಆಮೇಲೆ ಅವಳು ಹೇಳಿದ ಮಾತು ಇದು: "ಇದನ್ನೂ ಫಲಕದಲ್ಲಿ ಬರೆದರೆ ಜನ ನಿಂತು ಓದುತ್ತಾರೆ."

ಅವಳು ಚೀಲದಿಂದ ಒಂದು ಪಟ ತೆಗೆದಳು. ರಸ್ತೆಗೆಂದೇ ಮ್ಯೂಸಿಯಂನಲ್ಲಿ ಒಂದು ಕೋಣೆ ಮಾಡುತ್ತಿದ್ದಾರೆ, ಆ ಕಾಲದ ಬಿಳಿಯರು ತೆಗೆದ ಪಟಗಳು ಅಲ್ಲಿರುತ್ತವೆ, ಇದು ನಿಮ್ಮ ಊರ ಹತ್ತಿರದ್ದು ಇರಬಹುದು ಎಂದಳು. ಬಗ್ಗಿ ನಿಂತ ಹದಿನೈದಿಪ್ಪತ್ತು ಹೆಂಗಸರು. ಎಲ್ಲರ ಬೆನ್ನು, ಯಾರ ಮುಖವೂ ಇಲ್ಲ. ಕೆಳಗೆ ಬಿಳಿಯನ ಅಕ್ಷರದಲ್ಲಿ ಬರೆದಿತ್ತು: ಹಾಡುತ್ತ ದುಡಿಯುವ ಸ್ತ್ರೀಯರು, ಬಹಳ ಹರ್ಷಚಿತ್ತರು. ನಾನು ಓದಿ ಅರ್ಥ ಹೇಳಿದೆ.

ಅತಂಪೋಕ ಪಟವನ್ನು ಬೆಳಕಿಗೆ ಒಯ್ದು ನೋಡಿದಳು. ಸಾಲಿನ ತುದಿಯಲ್ಲಿದ್ದವಳ ಮೇಲೆ ಬೆರಳಿಟ್ಟಳು. ಕೊಡತಿ ಹಿಡಿದ ಎಡಗೈಯಲ್ಲಿ ಹೆಬ್ಬೆರಳು ಅರ್ಧ ಮಾತ್ರ ಇತ್ತು.

"ಅಸಿಬಿ ಹೆಬ್ಬೆರಳು ಕುಡುಗೋಲಿಗೆ ಹೋಗಿತ್ತು ಅಂತ ನಮ್ಮತ್ತೆ ಹೇಳ್ತಿದ್ದಳು," ಎಂದಳು. ಆಮೇಲೆ ಅಬುಗ್ರೆಯ ಮುಖದ ಮುಂದೆ ಪಟ ಹಿಡಿದಳು. "ಓಡಿಹೋಗ್ತಿದ್ದಾಳೆ ನೋಡಿ ಭಾವ. ಬಗ್ಗಿಕೊಂಡು ಓಡ್ತಿದ್ದಾಳೆ."

ಆತ ನೋಡಲಿಲ್ಲ.

ಒಪ್ಪಂದದ ಮಾತು ಆಮೇಲೆ ಬಂತು. ವಸ್ತು ಕೊಟ್ಟವರಿಗೆ ದುಡ್ಡು ಕೊಡುವ ಪದ್ಧತಿ ಮ್ಯೂಸಿಯಂನಲ್ಲಿ ಇಲ್ಲ. ಆದರೆ ಕಟ್ಟಡಕ್ಕೆ ನೆರವಾಗುತ್ತಿರುವ ವಿದೇಶದ ಸಂಸ್ಥೆಯೊಂದು, ಮಹತ್ವದ ವಸ್ತು ಕೊಟ್ಟ ಮನೆಗೆ ಒಂದು ಉಪಯೋಗದ ಕೊಡುಗೆ ಕೊಡುತ್ತದೆ. "ಈ ಮನೆಗೆ ಏನು ಬೇಕು?" ಎಂದು ಎಫ್ವಾ ಕೇಳಿದಳು. ಅಬುಗ್ರೆ ಬಾಯಿ ತೆರೆಯುವ ಮೊದಲೇ ಅಂಗಳದಿಂದ ವೀಡಾ, "ಗಿರಣಿ," ಎಂದಳು. "ಹಿಟ್ಟಿನ ಗಿರಣಿ. ಡೀಸೆಲ್ಲಿಂದು." ಐದು ತಿಂಗಳ ಬಸುರಿ, ಕೈಯಲ್ಲಿ ಮೊರ ಹಿಡಿದುಕೊಂಡೇ ಹೇಳಿದಳು. ನಮ್ಮೂರಿಗೆ ಅತಿ ಹತ್ತಿರದ ಗಿರಣಿ ಏಳು ಮೈಲಿ. ಎಫ್ವಾ ಬರೆದುಕೊಂಡಳು. ಎರಡು ವಾರ ಬಿಟ್ಟು ಶುಕ್ರವಾರ ವ್ಯಾನು ಬರುತ್ತದೆ, ನೆಲುವು ತೆಗೆದುಕೊಂಡು ಹೋಗುತ್ತದೆ, ಗಿರಣಿ ತಿಂಗಳೊಳಗೆ ಬರುತ್ತದೆ.

ಅದೇ ಸಂಜೆ ಅತಂಪೋಕ ಭಾವನ ಮುಂದೆ ಹೋಗಿ ಮಂಡಿಯೂರಿ ಕುಳಿತಳು. ಯಜಮಾನನ ಹತ್ತಿರ ಕೇಳುವುದಿದ್ದರೆ ಹಾಗೇ ಕೇಳಬೇಕು.

"ಭಾವ, ಅವಳ ಸಾವು ಹೇಳಿ. ಹೆಂಡ ನಾನು ಕಾಸ್ತೀನಿ. ಜೋಳ ನನ್ನ ತೋಟದ್ದು. ತವರಿಗೆ ಸುದ್ದಿ ಕಳಿಸಿ, ಅವರು ಬಂದು ಒಡೆದುಕೊಂಡು ಹೋಗಲಿ."

"ಒಡೆದ್ರೆ ಗಿರಣಿ?"

"ಗಿರಣಿ ಬರಲ್ಲ."

"ನಿನ್ನ ಸೊಸೆನ ಕೇಳಿದ್ಯಾ?"

"ನಿಮ್ಮನ್ನ ಕೇಳ್ತಿದ್ದೀನಿ. ಅವಳು ಸತ್ತಾಗ ನಿಮಗೆ ಐದಾರು ವರ್ಷ. ನಮ್ಮತ್ತೆ ಎರಡು ಕೊಡತಿ ಹಿಡ್ಕೊಂಡು ಬಂದಿದ್ದು ನೀವು ನೋಡಿದ್ದೀರ."

ಅಬುಗ್ರೆ ಕೋಲಾ ಕಾಯಿಯ ತುಂಡನ್ನು ಅಡಿಕೆಯಂತೆ ಜಗಿದ. ಕೊನೆಗೆ ಅವನ ಬಾಯಿಂದ ಸತ್ಯ ಬಂತು, ಅವನಿಗೆ ಬೇಕಾಗಿದ್ದ ಸತ್ಯವಲ್ಲ. "ಸತ್ತಳು ಅಂದ್ರೆ ನಮ್ಮಪ್ಪ ಸುಳ್ಳು ಹೇಳಿದ ಅಂತಾಯ್ತು. ಆ ಮೂರು ಹಸು ವಾಪಸ್ ಕೊಡು ಅಂತ ಬರ್ತಾರೆ. ಅರವತ್ತು ವರ್ಷದ ಕರುಗಳನ್ನೂ ಕೇಳ್ತಾರೆ. ನನ್ನ ದೊಡ್ಡಿ ಖಾಲಿ ಮಾಡ್ಲಾ?"

"ಹೂಂ."

"ಏನು ಹೂಂ?"

"ಖಾಲಿ ಮಾಡಿ. ನಿಮ್ಮ ದೊಡ್ಡಿಲಿ ನಿಂತಿರೋದು ಅವಳು. ನೀವು ಕುಡಿಯೋ ಹಾಲು ಅವಳದ್ದು. ನಾನು ದಿನಾ ಬೆಳಿಗ್ಗೆ ಸಗಣಿ ಎತ್ತುವಾಗ ಅವಳ ಹೆಸರು ಹೇಳ್ಕೊಂಡೇ ಎತ್ತಿದ್ದೀನಿ."

"ಎದ್ದು ಹೋಗು," ಎಂದ ಅಬುಗ್ರೆ. "ನನ್ನ ತಮ್ಮ ಬದುಕಿದ್ದಿದ್ರೆ ನಿನಗೆ ಇಷ್ಟು ನಾಲಿಗೆ ಇರ್ತಿರಲಿಲ್ಲ."

"ಬದುಕಿದ್ದಾಗಲೂ ಇತ್ತು ಭಾವ. ಅವರು ನಿಮಗೆ ಹೇಳ್ತಿರಲಿಲ್ಲ ಅಷ್ಟೆ."

ಮಾರನೆಯ ದಿನವೇ ಆತ ಗಿರಣಿಗೆ ಜಾಗ ಗೊತ್ತು ಮಾಡಿದ. ತನ್ನ ಕೋಣೆಯ ಪಕ್ಕ, ಬೀಗದ ಕೈ ತನ್ನಲ್ಲೇ. ಒಂದು ಬುರುಡೆ ಕಾಳು ಬೀಸಲು ಊರ ಹೆಂಗಸರಿಂದ ಎಷ್ಟು ತೆಗೆದುಕೊಳ್ಳಬೇಕು ಎಂದು ಬಾವೊಬಾಬ್ ಮರದ ಕೆಳಗೆ ಮಾತುಕತೆ ನಡೆಯಿತು. ಮನೆಯ ಹೆಂಗಸರಿಗೆ ಪುಕ್ಕಟೆಯೇ ಎಂದು ಯಾರೋ ಕೇಳಿದರೆ, "ಡೀಸೆಲ್ ಪುಕ್ಕಟೆ ಬರುತ್ತಾ?" ಎಂದನಂತೆ. ನನ್ನ ಗಂಡ ಬಂದು ನಗುತ್ತ ಹೇಳಿದ. ನಾನು ನಗಲಿಲ್ಲ ಎಂದು ಅವನಿಗೆ ಬೇಸರವಾಯಿತು.

ದೊಡ್ಡಮ್ಮನ ಸಿಟ್ಟು ಅಷ್ಟರಲ್ಲಿ ಕೈಗೆ ಇಳಿದಿತ್ತು. ಕಟ್ಟಿಗೆ ಒಡೆದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರು. ಭಾವನ ಸ್ನಾನದ ನೀರನ್ನು ಕುದಿ ಬರಿಸಿ ತಂದಿಟ್ಟು ಹೋಗುತ್ತಿದ್ದಳು. ಆತ ಅದು ಆರುವ ತನಕ ಸೊಂಟಕ್ಕೆ ಬಟ್ಟೆ ಸುತ್ತಿ ಕಾಯುತ್ತಿದ್ದ. ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದು ಎಫ್ವಾ ಕೊಟ್ಟುಹೋದ ಕಾಗದವನ್ನು ನನ್ನ ಮುಂದೆ ಹಾಕಿದಳು.

"ಓದು."

ಓದಿದೆ. ವಸ್ತು: ಸೋರೆಬುರುಡೆಗಳ ನೆಲುವು. ಕೊಟ್ಟವರು: ಅಬುಗ್ರೆ ಮನೆತನ. ಸ್ಥಿತಿ: ಅತ್ಯುತ್ತಮ.

"ಅವಳ ಹೆಸರು ಎಲ್ಲಿದೆ?"

"ಇಲ್ಲ ದೊಡ್ಡಮ್ಮ. ಬರೆಯಿರಿ ಅಂತ ನಾನು ಕೇಳಬಹುದು. ಬರೀತಾಳೆ, ಒಳ್ಳೆಯವಳು."

"ಬರೆದ್ರೆ?"

"ಗಾಜಿನ ಪೆಟ್ಟಿಗೆಯೊಳಗೆ ಇಡ್ತಾರೆ. ದೀಪ ಹಾಕ್ತಾರೆ. ಜನ ಬಂದು ಅವಳ ಹೆಸರು ಓದ್ತಾರೆ."

ಅವಳು ಯೋಚಿಸಿದಳು. "ಗಾಜಿನೊಳಗೆ ಇಟ್ರೆ ಯಾರೂ ಒಡೆಯಲ್ಲ ಅಲ್ವಾ?"

"ಇಲ್ಲ."

"ಎಷ್ಟು ವರ್ಷ?"

"ಯಾವತ್ತೂ."

"ಅರವತ್ತು ವರ್ಷ ಸಾಲಲಿಲ್ಲ ಅವರಿಗೆ," ಎಂದಳು. "ಬಿಳಿಯ ರಸ್ತೆ ಕೆಳಗೆ ಇಟ್ಟ. ಇವರು ಗಾಜಿನ ಕೆಳಗೆ ಇಡ್ತಾರೆ. ಒಬ್ಬರಾದ್ರೂ ಅವಳನ್ನ ಹೋಗಕ್ಕೆ ಬಿಡ್ತಾರಾ?" ಸ್ವಲ್ಪ ತಡೆದು ಮತ್ತೆ ಅಂದಳು, "ಅದು ಚೆನ್ನಾಗಿ ಉಳಿದಿದೆ ಅಂತ ಆ ಹುಡುಗಿ ಅಷ್ಟು ಖುಷಿಪಟ್ಟಳಲ್ಲ. ಯಾಕೆ ಉಳಿದಿದೆ ಅಂತ ನೀನು ಹೇಳಿದೆ. ಅವಳಿಗೆ ಕೇಳಿಸ್ತು. ಖುಷಿ ಕಮ್ಮಿ ಆಗಲಿಲ್ಲ."

ಅದಕ್ಕೆ ಉತ್ತರ ಕೊಟ್ಟವಳು ವೀಡಾ. ನಾವಿಬ್ಬರೂ ಮಾತಾಡುತ್ತಿದ್ದಾಗ ಅವಳು ಅಡ್ಡಗೋಡೆಯ ಆಚೆಯಿಂದಲೇ ಕೇಳಿಸಿಕೊಂಡಿದ್ದಳು. ಗೋಡೆ ದಾಟಿ ಬಂದಳು, ಮುಖದ ಮೇಲೆ ಹಿಟ್ಟಿನ ಧೂಳು ಹಾಗೇ ಇತ್ತು.

"ಅತ್ತೆ, ಒಂದು ಮಾತು ಕೇಳ್ತೀನಿ, ಬೈಯಬೇಡಿ."

"ಬೈತೀನಿ. ಕೇಳು."

"ಸತ್ತ ಬಸುರಿಗೆ ದಾರಿ ಬಿಡೋಕೆ ಬದುಕಿರೋ ಬಸುರಿ ಕೈಲಿ ಇನ್ನೂ ಎಷ್ಟು ವರ್ಷ ಅರೆಸ್ತೀರಾ?"

ಅತಂಪೋಕ ಕಾಗದವನ್ನು ಮಡಿಸಿದಳು.

"ನನ್ನ ಮೊದಲನೇದು ಆರನೇ ತಿಂಗಳಲ್ಲಿ ಹೋಯ್ತು. ಕಲ್ಲಿನ ಮುಂದೇನೇ ಹೋಯ್ತು. ಅದು ನಿಮಗೆ ಗೊತ್ತು, ನೀವೇ ಬಾಚಿದ್ದು. ಆ ಅಸಿಬಿ ಅಜ್ಜಿ ನೂಲಲ್ಲಿ ಏಳು ಗಂಟಿತ್ತು ಅಂತ ನೀವಿಬ್ಬರೂ ವಾರದಿಂದ ಅಳ್ತಾ ಇದ್ದೀರ. ನನ್ನ ನೂಲಲ್ಲಿ ಆರಿತ್ತು. ಅದಕ್ಕೆ ಯಾರು ಪಟ ತೆಗೆದ್ರು?"

"ಗಿರಣಿ ಕೀಲಿ ನಿನ್ನ ದೊಡ್ಡಮಾವನ ಸೊಂಟದಲ್ಲಿರುತ್ತೆ ವೀಡಾ."

"ಯಾರ ಸೊಂಟದಲ್ಲಿದ್ರೂ ಹಿಟ್ಟು ಹಿಟ್ಟೇ. ಅವನ ಕಾಲು ಹಿಡಿದು ಕೇಳ್ತೀನಿ. ಕಲ್ಲಿನ ಕಾಲು ಹಿಡಿದ್ರೆ ಕಲ್ಲು ಕೇಳುತ್ತಾ?" ಅವಳ ದನಿ ಏರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಸತ್ತವರು ಅರೆಯೋದಿಲ್ಲ ಅತ್ತೆ. ನಾನು ಅರೀತೀನಿ."

ಅವಳು ಹೋದ ಮೇಲೆ ದೊಡ್ಡಮ್ಮ ತನ್ನ ಮಂಡಿಗಳನ್ನು ಸವರಿಕೊಂಡಳು. ಮೂವತ್ತೈದು ವರ್ಷ ಕಲ್ಲಿನ ಮುಂದೆ ಊರಿದ ಮಂಡಿಗಳು, ಒಂಟೆಯ ಮಂಡಿಯ ಹಾಗೆ ಗಡುಸಾಗಿದ್ದವು. "ಅವಳು ಹೇಳಿದ್ದು ಸರಿ," ಎಂದಳು. ಹಾಗೆ ಹೇಳುವಾಗ ಅವಳ ಸಿಟ್ಟು ಇಳಿದಿರಲಿಲ್ಲ. ಇನ್ನೂ ಹೆಚ್ಚಾಗಿತ್ತು. "ನೋಡು ಹೇಗೆ ತಂದು ನಿಲ್ಲಿಸಿದ್ದಾರೆ. ಗಂಡಸರು ತಪ್ಪು ಮಾಡಿದ್ರು, ಬಿಳಿಯ ತಪ್ಪು ಮಾಡಿದ. ಈಗ ಜಗಳ ನನಗೂ ನನ್ನ ಸೊಸೆಗೂ."

ಮರುದಿನ ನಸುಕಿನಲ್ಲಿ ವೀಡಾ ಏಳುವ ಹೊತ್ತಿಗೆ ಅವಳ ಪಾಲಿನ ಸಜ್ಜೆಯನ್ನೂ ಅತಂಪೋಕ ಅರೆದು ಮುಗಿಸಿದ್ದಳು. ಅದರ ಮರುದಿನವೂ ಹಾಗೇ. ಇಬ್ಬರ ಪಾಲು ಅರೆಯಲು ಎಷ್ಟು ಹೊತ್ತಿಗೆ ಏಳಬೇಕು, ಎಷ್ಟು ದಿನ ಈ ಮೈ ತಡೆದೀತು ಎಂದು ದೊಡ್ಡಮ್ಮ ನೋಡುತ್ತಿದ್ದಳು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಶುಕ್ರವಾರ ಬಂತು. ಇನ್ನು ಮುಂದಿನದನ್ನು ನಾನು ಕಂಡಿಲ್ಲ, ದೊಡ್ಡಮ್ಮನೇ ಹೇಳಿದ್ದು. ಗಂಡಸರು ಊಟ ಮುಗಿಸಿ ಬಾವೊಬಾಬ್ ಕೆಳಗೆ ವ್ಯಾನಿಗೆ ಕಾಯುತ್ತಿದ್ದರು. ಅಬುಗ್ರೆ ನೀಲಿ ಪಟ್ಟೆಯ ಅಂಗಿಯಲ್ಲಿದ್ದ. ವೀಡಾ ಸಂತೆಗೆ ಹೋಗಿದ್ದಳು. ಅತಂಪೋಕ ಪಾತ್ರೆ ತೊಳೆದು ಕವುಚಿ ಹಾಕಿ, ಕೈ ಒರೆಸಿಕೊಂಡು, ಹಿಂದಿನ ಕೋಣೆಗೆ ಹೋಗಿ ಮತ್ತೆ ತೂಗುಹಾಕಿದ್ದ ನೆಲುವು ಇಳಿಸಿದಳು. ತಲೆಯ ಮೇಲಿಟ್ಟುಕೊಂಡು ಆಡುಗಳ ಬಾಗಿಲಿನಿಂದ ಹೊರಗೆ ಬಂದು ಗದ್ದೆ ಬದುವಿನ ಮೇಲೆ ನಡೆದಳು. ತಲೆಯ ಮೇಲೆ ಏನಾದರೊಂದು ಹೊತ್ತು ನಡೆಯುವ ಹೆಂಗಸನ್ನು ಯಾರೂ ತಿರುಗಿ ನೋಡುವುದಿಲ್ಲ.

ತೊರೆಯ ಹತ್ತಿರದ ತಿರುವಿಗೆ ಒಂದು ಮೈಲಿ. ಈಗ ಅಲ್ಲಿ ಟಾರು ಹಾಕಿದ್ದಾರೆ. ರಸ್ತೆ ಮೊದಲಿಗಿಂತ ಎರಡು ಪಟ್ಟು ಅಗಲ. ಅಸಿಬಿಯನ್ನು ಮಣ್ಣು ಮಾಡಿದ ಬದಿ ಯಾವುದು, ನಡು ಯಾವುದು ಎಂದು ತಲಾತ ತೋರಿಸಿದ್ದಳು. ಆ ಜಾಗದ ಮೇಲೆ ದಿನಕ್ಕೆ ನಾಲ್ಕು ಬಸ್ಸು, ಈರುಳ್ಳಿಯ ಲಾರಿಗಳು, ಓಟು ಕೇಳುವವರ ಜೀಪುಗಳು. ಅತಂಪೋಕ ನೆಲುವನ್ನು ಟಾರಿನ ಅಂಚಿನಲ್ಲಿಟ್ಟು ಪಕ್ಕದಲ್ಲಿ ಕುಳಿತಳು.

ಹಾಗೆಯೇ ಹಿಂದಕ್ಕೆ ಒಯ್ದು ತೂಗುಹಾಕಬಹುದು ಎಂದು ಯೋಚಿಸಿದಳಂತೆ. ಯಾರಿಗೂ ಗೊತ್ತಾಗುವುದಿಲ್ಲ. ವ್ಯಾನು ಬರುತ್ತದೆ, ತಿಂಗಳೊಳಗೆ ಗಿರಣಿ ಬರುತ್ತದೆ. ವೀಡಾಳ ಮಗು ಉಳಿಯುತ್ತದೆ, ಉಳಿಯಬಹುದು. ಒಡೆದರೆ ಅಬುಗ್ರೆ ತನ್ನನ್ನು ಮನೆಯೊಳಗೆ ಬಿಡುವುದಿಲ್ಲ. ಬಿಡದಿದ್ದರೆ ಸೊಸೆಯ ಪಾಲನ್ನು ಅರೆಯುವವರು ಯಾರು? ಒಡೆದ ಮೇಲೆ ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಯಾವ ಕೂಸು ಹೋದರೂ ಅದು ತನ್ನ ಕೈಕೆಲಸ ಎನ್ನುತ್ತಾರೆ. ವೀಡಾಳೇ ಅನ್ನಬಹುದು. ಇದನ್ನೆಲ್ಲ ಒಂದೊಂದಾಗಿ ಯೋಚಿಸಿದಳಂತೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಯಾವುದೂ ಸುಳ್ಳಾಗಿರಲಿಲ್ಲ.

ಆಮೇಲೆ ಆ ಪಟ ಕಣ್ಣ ಮುಂದೆ ಬಂತಂತೆ. ಮುಖ ಇಲ್ಲದ ಬೆನ್ನುಗಳು, ಕೆಳಗೆ ಬಹಳ ಹರ್ಷಚಿತ್ತರು ಎಂಬ ಬರಹ. ಎಲ್ಲರೂ ಮುಂದಿನವರ ಹೊಟ್ಟೆಗಾಗಿ, ಮನೆಯ ಮಾನಕ್ಕಾಗಿ, ಮಕ್ಕಳಿಗಾಗಿ ಬಗ್ಗಿದವರು. ತಲಾತ ಕೂಡ ಮಕ್ಕಳಿಗಾಗಿಯೇ ಸುಮ್ಮನಿದ್ದವಳು. ತನಗೂ ಸುಮ್ಮನಿರಲು ಒಳ್ಳೆಯ ಕಾರಣವೇ ಸಿಕ್ಕಿದೆ. ಕಾರಣ ಯಾವಾಗಲೂ ಒಳ್ಳೆಯದೇ ಇರುತ್ತದೆ.

ಅವಳು ಎದ್ದು ನಿಂತಳು. ಸಾವು ಹೇಳಬೇಕಾದವನು ಮನೆಯ ಯಜಮಾನ. ಹೆಸರು ಕೂಗಬೇಕಾದವರು ತವರಿನ ಹೆಂಗಸರು. ಅಲ್ಲಿ ಒಂದು ಕಾಗೆಯೂ ಇರಲಿಲ್ಲ.

"ಅಸಿಬಿ ಸತ್ತಳು," ಎಂದಳು. "ಇಲ್ಲಿ ಸತ್ತಳು. ಇವರ ರಸ್ತೆಗೆ ಸತ್ತಳು. ಓಡಿಹೋಗಲಿಲ್ಲ." ದನಿ ಸಾಲದು ಅನ್ನಿಸಿ ಇನ್ನೊಮ್ಮೆ, ಗದ್ದೆಯಾಚೆಗೆ ಕೇಳುವ ಹಾಗೆ ಹೇಳಿದಳು.

ದೊಡ್ಡ ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ ಟಾರಿನ ಮೇಲೆ ಹಾಕಿದಳು. ಅಷ್ಟು ವರ್ಷ ಶಿಯಾ ಬೆಣ್ಣೆ ಕುಡಿದದ್ದು, ಸುಲಭಕ್ಕೆ ಒಡೆಯಲಿಲ್ಲ. ಹಿಮ್ಮಡಿಯಿಂದ ಒಡೆದಳು. ಎರಡನೆಯದು, ಮೂರನೆಯದು. ಎಂಟನೆಯದು ಒಡೆದಾಗ ದಕ್ಷಿಣದ ಕಡೆಯಿಂದ ವ್ಯಾನಿನ ಸದ್ದು ಕೇಳಿಸಿತು. ಇನ್ನೂ ದೂರವಿತ್ತು. ಮುಚ್ಚಳದ ಪುಟ್ಟ ಬುರುಡೆ ಅವಳ ಕೈಯಲ್ಲಿತ್ತು. ಅದೊಂದಿದ್ದರೂ ಎಫ್ವಾ ಏನಾದರೂ ಕೊಡಿಸುತ್ತಿದ್ದಳೇನೋ.

ಅವಳು ಅದನ್ನು ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲು ಎತ್ತಿಕೊಂಡು, ಒಡೆದಳು.